ಆ ಪೆನ್‌ಡ್ರೈವ್ ಇನ್ನು ಮನೆಯಲ್ಲೇ ಇರಲಿ

ಬದಿಯಡ್ಕದ ತಂಗಿಗೆ,

ನಿಮ್ಮ ಕಾಗದ ಓದಿ ಸಿಟ್ಟು ಬಂತು. ನಿಮ್ಮ ಮೇಲಲ್ಲ.

ಓದುಗರಿಗೆ ಸಂಗತಿ ಹೇಳಿಬಿಡುತ್ತೇನೆ. ಇವರು ಕನ್ನಡ ಮಾಧ್ಯಮದಲ್ಲಿ ಓದಿದವರು. ಕಾಸರಗೋಡಿನಲ್ಲಿ ಲೆಕ್ಕ ಬರೆಯುವ ಒಂದು ಆಫೀಸಿನಲ್ಲಿ ಕೆಲಸ. ಶಾಲೆಯಲ್ಲಿ ಕಲಿತದ್ದು ಲಿನಕ್ಸ್ (ವಿಂಡೋಸಿನ ಹಾಗೇ ಕಂಪ್ಯೂಟರನ್ನು ನಡೆಸುವ ಇನ್ನೊಂದು ತಂತ್ರಾಂಶ), ಮನೆಯ ಲ್ಯಾಪ್‌ಟಾಪಿನಲ್ಲೂ ಅದೇ. ಆಫೀಸಿನಲ್ಲಿ ಎಲ್ಲ ವಿಂಡೋಸ್. "ಲಿನಕ್ಸ್ ಕಲಿತವರಿಗೆ ಕಂಪ್ಯೂಟರೇ ಬರುವುದಿಲ್ಲ" ಅಂತ ಎಲ್ಲರೆದುರು ಆಡಿಕೊಳ್ಳುತ್ತಾರಂತೆ. ಕೆಲಸ ಬಿಡಲಾ ಅಂತ ಕೇಳಿದ್ದಾರೆ.

ತಂಗಿ, ಕೊನೆಯಲ್ಲಿ ಒಂದು ಸಾಲು ಸುಮ್ನೆ ಬರೆದುಬಿಟ್ಟಿದ್ದೀರಿ. ಕನ್ನಡ ಪತ್ರಗಳನ್ನೆಲ್ಲ ರಾತ್ರಿ ಮನೆಯಲ್ಲಿ ಮಾಡಿ ಪೆನ್‌ಡ್ರೈವಿನಲ್ಲಿ ತರುತ್ತೀರಿ, ಧನಿಗಳು ಅವನ್ನು ಮೆಚ್ಚಿದ್ದಾರೆ ಅಂತ. ಅಂದರೆ ಅವರು ಮೆಚ್ಚಿದ್ದು ಲಿನಕ್ಸಿನಲ್ಲಿ, ಪತ್ರ ಟೈಪ್ ಮಾಡುವ ಲಿಬ್ರೆ ಆಫೀಸ್ ತಂತ್ರಾಂಶದಲ್ಲಿ ಮಾಡಿದ ಕೆಲಸವನ್ನೇ ಅಲ್ವಾ? ಅದು ಅವರಿಗೆ ಗೊತ್ತೇ ಇಲ್ಲ. ಮೇಲಿಂದ ನಿಮಗೆ ಸಂಬಳವಿಲ್ಲದ ರಾತ್ರಿ ದುಡಿಮೆ. ಆಫೀಸಿನ ಕೆಲಸ ಆಫೀಸಿನ ಹೊತ್ತಿನಲ್ಲೇ ಆಗಬೇಕು. ಇದನ್ನು ಇಲ್ಲಿ ಎಷ್ಟು ಸಲ ಬರೆದರೂ ನನಗೆ ಸಾಕಾಗುವುದಿಲ್ಲ.

ಧನಿಯನ್ನು ನಾನು ಜಾಸ್ತಿ ದೂರುವುದಿಲ್ಲ. ಅವರಿಗೆ ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ ಬೇಕು, ಟ್ಯಾಲಿ ಇರುವುದು ವಿಂಡೋಸಿಗೆ. ಅದು ನ್ಯಾಯದ ಮಾತು. ನನಗೆ ಕೋಪ ಇರುವುದು ಆಗಾಗ ಬಂದು ಫಾರ್ಮ್ಯಾಟ್ ಮಾಡಿ ದುಡ್ಡು ತಗೊಂಡು ಹೋಗುವ ಆ ರಿಪೇರಿಯವನ ಮೇಲೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಆಫೀಸಿನ ಹಳೇ ಫೈಲ್ ತೆರೆದು, ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಬಂದದ್ದನ್ನು ತೋರಿಸಿ, "ನೋಡಿ, ಇದರಲ್ಲಿ ಕನ್ನಡ ಬರುವುದಿಲ್ಲ" ಅಂದನಂತೆ. ಯುನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಬರುವ ಮೊದಲಿನ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಅದು. ಆ ಫಾಂಟ್ ಇಲ್ಲದಿದ್ದರೆ ವಿಂಡೋಸಿನಲ್ಲೂ ಹಾಗೆಯೇ ಕಾಣುತ್ತದೆ. ಯುನಿಕೋಡಿನಲ್ಲಿ ಟೈಪ್ ಮಾಡಿದ ಕನ್ನಡಕ್ಕೆ ಈ ತೊಂದರೆ ಇಲ್ಲ. ಧನಿಯ ಜೇಬಿನ ಫೋನ್ ಆಂಡ್ರಾಯ್ಡ್ ಆಗಿದ್ದರೆ ಅದರೊಳಗೂ ಲಿನಕ್ಸಿನ ತಿರುಳಾದ ಕರ್ನೆಲ್ಲೇ ಇದೆ. 2017ರ ನವೆಂಬರಿನಿಂದ ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿ ಇರುವುದೆಲ್ಲ ಲಿನಕ್ಸೇ. ನಮ್ಮ ಗಡಿನಾಡಿನ ಮಕ್ಕಳು ಕನ್ನಡದಲ್ಲೇ ಅಚ್ಚಾದ ಐಸಿಟಿ (ಕಂಪ್ಯೂಟರ್ ಪಾಠದ) ಪುಸ್ತಕ ಓದಿ ಕಲಿಯುವ ವಿದ್ಯೆ ಇದು. ಇದಕ್ಕೆ ತಲೆ ತಗ್ಗಿಸಬೇಡಿ.

ಮಾಡಬೇಕಾದ್ದು ಒಂದೇ. ವಿಂಡೋಸ್ 11 ಹಾಕಲು ಬಾರದ ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕಲು ಮೂಲೆಯಲ್ಲಿ ಇಟ್ಟಿದ್ದಾರೆ ಅಂದಿರಲ್ಲ, ಅದನ್ನು ಕೇಳಿ ತಗೊಳ್ಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಹಾಗಾಗಿ ಧನಿಗೂ ಅದು ಬೇಡವಾದದ್ದೇ. ಲಿನಕ್ಸ್ ಹಾಕಿ. ಆಫೀಸಿನ ಪ್ರಿಂಟರ್ ಅದರಲ್ಲಿ ಓಡುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಟ್ಯಾಲಿ ಇದ್ದಲ್ಲೇ ಇರಲಿ. ಮುಂದಿನ ಕನ್ನಡ ಪತ್ರವನ್ನು ಹಗಲು ಹೊತ್ತಿನಲ್ಲಿ, ಧನಿಯ ಕಣ್ಣೆದುರೇ ಟೈಪ್ ಮಾಡಿ ಪ್ರಿಂಟ್ ಕೈಗೆ ಕೊಡಿ. ಇದು ಲಿನಕ್ಸಿನಲ್ಲಿ ಮಾಡಿದ್ದು, ಹಿಂದಿನವೂ ಹೀಗೇ ಮಾಡಿದ್ದು ಅಂತ ಬಾಯಿಬಿಟ್ಟು ಹೇಳಿ. ಕೆಲಸ ಬಿಡುವ ಮಾತು ಆಮೇಲೆ.