ನಮ್ಮೂರಿನ ಇತಿಹಾಸ ಬರೆಯುತ್ತಿದ್ದೇನೆ, ನಕ್ಷೆ ಮಾಡಲು ಯಾವ ಸಾಫ್ಟ್‌ವೇರ್ ಕಲಿಯಲಿ?

ಪುಸ್ತಕ ಬಹುಪಾಲು ಬರೆದಾಗಿದೆ, ಊರು ಹೊಸನಗರದ ಕಡೆ, ಅರ್ಧ ಲಿಂಗನಮಕ್ಕಿ ಹಿನ್ನೀರಿನ ಪಾಲಾಗಿದೆ, ಕೊನೆಗೊಂದು ಚಂದದ ನಕ್ಷೆ ಹಾಕಬೇಕು ಎಂದಿದ್ದೀರಿ. ಸಾಫ್ಟ್‌ವೇರಿನ ಹೆಸರಷ್ಟೇ ಸಾಕಾದರೆ ಕ್ಯೂಜಿಐಎಸ್. ದುಡ್ಡು ಕೊಡಬೇಕಿಲ್ಲ, ಹಳೆಯ ಲ್ಯಾಪ್‌ಟಾಪಿನಲ್ಲೂ ಏದುಸಿರು ಬಿಡುತ್ತ ಓಡುತ್ತದೆ. ನನಗೆ ಇರಿಸುಮುರಿಸಾದದ್ದು ಆ ‘ಕೊನೆಗೊಂದು’ ಎಂಬ ಮಾತಿಗೆ. ನಾನೂ ನಕ್ಷೆ ಎಂದರೆ ಊಟವಾದ ಮೇಲಿನ ಎಲೆಅಡಿಕೆ ಅಂದುಕೊಂಡಿದ್ದೆ. ಆಮೇಲೆ ಒಂದು ಅಧ್ಯಾಯವನ್ನೇ ಹರಿದು ಹಾಕಬೇಕಾಯಿತು.

ನಮ್ಮದು ಸಾಗರ ತಾಲ್ಲೂಕು. ಬಸರೂರಿನ ಉಪ್ಪು ಹೇರಿಕೊಂಡು ಬಿದನೂರಿಗೆ ಹೋಗುವ ಎತ್ತುಗಳು ನಮ್ಮೂರ ಕಟ್ಟೆಯ ಹತ್ತಿರ ತಂಗುತ್ತಿದ್ದವು ಎಂದು ಹಿರಿಯರೆಲ್ಲ ಹೇಳುತ್ತಿದ್ದರು. ಕೇಳಿದ್ದನ್ನು ಕೇಳಿದ ಹಾಗೆ ಬರೆದುಬಿಟ್ಟೆ. ಗೆರೆ ಎಳೆಯಲು ಕೂತಾಗ ಗೊತ್ತಾಯಿತು. ಬಸರೂರು ಇರುವುದು ಕುಂದಾಪುರದ ಪಕ್ಕ. ಬಿದನೂರು ಎಂದರೆ ಈಗಿನ ನಗರ, ಹೊಸಂಗಡಿ ಘಾಟಿ ಹತ್ತಿದರೆ ಆಯಿತು. ನಮ್ಮೂರು ಅದಕ್ಕೂ ಎಷ್ಟೋ ಬಡಗಣಕ್ಕೆ. ಎತ್ತುಗಳು ಬಿದನೂರನ್ನು ದಾಟಿ ಬಂದು, ನಮ್ಮಲ್ಲಿ ಮಲಗೆದ್ದು, ಮತ್ತೆ ತೆಂಕಣಕ್ಕೆ ತಿರುಗಬೇಕು. ಯಾವ ಹೇರಿನವನು ಹಾಗೆ ಮಾಡುತ್ತಾನೆ ಮಾರಾಯ್ರೆ? ಹಾಗಂತ ಹಿರಿಯರ ಮಾತು ಪೂರ್ತಿ ಸುಳ್ಳೂ ಅಲ್ಲ. ಗೇರುಸೊಪ್ಪೆ ಕಡೆಯಿಂದ ಇಕ್ಕೇರಿಗೆ ಬರುವ ದಾರಿ ಎಂದುಕೊಂಡು ಎಳೆದು ನೋಡಿದೆ, ಗೆರೆ ಕಟ್ಟೆಯ ಬುಡದಲ್ಲೇ ಹಾಯಿತು. ಕೆಳದಿ ಅರಸರ ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ ಹೋದ ಮೇಲೆ ಜನರ ಬಾಯಲ್ಲಿ ದಾರಿಯ ತುದಿಯೂ ಬದಲಾಗಿರಬೇಕು. ಇದು ನನ್ನ ಊಹೆ. ಅದಕ್ಕೇ ನಕ್ಷೆಯಲ್ಲಿ ಅದು ಚುಕ್ಕಿಗೆರೆಯಾಗಿದೆ.

ಹಾಗಾಗಿ ಬರೆಯುವುದನ್ನು ಒಂದು ತಿಂಗಳು ನಿಲ್ಲಿಸಿ. ಮೊದಲು ಸರ್ವೆ ಆಫ್ ಇಂಡಿಯಾದ ಟೋಪೋಶೀಟ್, ಅಂದರೆ ಗುಡ್ಡ, ಹೊಳೆ, ದಾರಿಗಳನ್ನು ತೋರಿಸುವ ನಕ್ಷೆಯ ಹಾಳೆ, ಇಳಿಸಿಕೊಳ್ಳಿ. ಅವರ ತಾಣದಲ್ಲಿ 1:50,000ದ ಹಾಳೆಗಳು ಪುಕ್ಕಟೆ ಸಿಗುತ್ತವೆ. ನಿಮಗೊಂದು ಸಣ್ಣ ಗ್ರಹಚಾರ ಕಾದಿದೆ: 14 ಡಿಗ್ರಿ ಅಕ್ಷಾಂಶವೂ 75 ಡಿಗ್ರಿ ರೇಖಾಂಶವೂ ಕೂಡುವ ಜಾಗ ಹೊಸನಗರ ಪೇಟೆಯಿಂದ ವಾಯವ್ಯಕ್ಕೆ ಸುಮಾರು 12 ಕಿಲೋಮೀಟರ್. ಹಳೆಯ ಸಂಖ್ಯೆಯಲ್ಲಿ ಹೇಳುವುದಾದರೆ 48 ಜೆ/16, 48 ಎನ್/4, 48 ಕೆ/13, 48 ಓ/1 ಈ ನಾಲ್ಕೂ ಹಾಳೆಗಳು ಅಲ್ಲಿ ಮೂಲೆಗೆ ಮೂಲೆ ತಾಗುತ್ತವೆ. ನಿಮ್ಮೂರು ಅಲ್ಲೇ ಆಸುಪಾಸಿನಲ್ಲಿದ್ದರೆ ನಾಲ್ಕನ್ನೂ ಅಂಟಿಸಿಕೊಳ್ಳದೆ ಗತಿಯಿಲ್ಲ. ಹಳೆಯ ಹಾಳೆಯನ್ನು ಈಗಿನ ಉಪಗ್ರಹ ಚಿತ್ರದ ಮೇಲೆ ಕೂರಿಸಿದಾಗ ದೇವಸ್ಥಾನ ನೂರು ಮೀಟರಿಗೂ ಹೆಚ್ಚು ಜರುಗಿ ಗದ್ದೆಯಲ್ಲಿ ನಿಂತರೆ ಗಾಬರಿಯಾಗಬೇಡಿ. ಆ ಹಾಳೆಗಳ ಲೆಕ್ಕ ಎವರೆಸ್ಟ್ ಎಂಬ ಹಳೆಯ ಅಳತೆಯದು, ಮೊಬೈಲಿನ ಜಿಪಿಎಸ್ ಲೆಕ್ಕ ಬೇರೆ. ಕ್ಯೂಜಿಐಎಸ್‌ನಲ್ಲಿ ಹಾಳೆಗೆ ಆ ಎವರೆಸ್ಟ್ ಲೆಕ್ಕವನ್ನು ಆರಿಸಿಕೊಟ್ಟರೆ ಸರಿಹೋಗುತ್ತದೆ.

ಎರಡನೆಯದು ಗ್ರಾಮ ನಕ್ಷೆ. ಕಂದಾಯ ಇಲಾಖೆಯ ತಾಣದಲ್ಲಿ ಸಿಗುತ್ತದೆ. ಊರಿನ ಇತಿಹಾಸಕ್ಕೆ ಇದಕ್ಕಿಂತ ದೊಡ್ಡ ಆಸ್ತಿ ಇಲ್ಲ ಎಂಬುದು ನನ್ನ ಅಭಿಪ್ರಾಯ. ಸರ್ವೆ ನಂಬರುಗಳ ಗೆರೆ, ಕೆರೆ, ಹಳ್ಳ, ಕಾಲುದಾರಿ, ಖರಾಬು ಎಲ್ಲ ಅದರಲ್ಲಿವೆ. ಟಿಪ್ಪಣಿಯೂ (ಸರ್ವೆಯವರು ಒಂದೊಂದು ನಂಬರಿಗೂ ಬರೆದ ಅಳತೆಯ ಹಾಳೆ) ಸಿಕ್ಕರೆ ಅಳತೆ ಚೈನು, ಆಣೆಗಳಲ್ಲಿರುತ್ತದೆ: ಒಂದು ಚೈನು 33 ಅಡಿ, ಅದರಲ್ಲಿ 16 ಆಣೆ. ಚೈನಿಗೆ ಚೈನು ಚೌಕವೇ ಒಂದು ಗುಂಟೆ. ನಕ್ಷೆಯನ್ನು ನೆಲಕ್ಕೆ ಕೂರಿಸುವಾಗ ಕಾಗದದ ಮೂಲೆಗಳನ್ನು ನಂಬಬೇಡಿ. ಮೂರು ಗ್ರಾಮಗಳ ಗಡಿ ಸೇರುವ ಬಾಂದು ಕಲ್ಲು, ಕೆರೆಯ ಕೋಡಿ, ಹಳೆಯ ಗುಡಿ ಇಂಥ ಅಲ್ಲಾಡದ ಜಾಗಗಳನ್ನು ಹಿಡಿಯಿರಿ. ಮುಳುಗದೆ ಉಳಿದ ಕಡೆಗೆ ಹೋಗಿ ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ, ತಾಳೆ ನೋಡಲು ಅದು ಅನುಕೂಲ. ಗ್ರಾಮಗಳ ಪಟ್ಟಿಯಲ್ಲಿ ‘ಬೇಚರಾಕ್’ ಎಂದು ಕಂಡರೆ ಬಿಡಬೇಡಿ. ಜನವಸತಿ ಇಲ್ಲದ ಗ್ರಾಮಕ್ಕೆ ಕಂದಾಯದವರ ಹೆಸರು ಅದು. ಜನ ಯಾವಾಗ ಹೋದರು, ಏಕೆ ಹೋದರು ಎಂದು ಕೇಳುತ್ತ ಹೋದರೆ ಅದೇ ಒಂದು ಅಧ್ಯಾಯ.

ನೀರಿನಡಿಯ ಊರಿನ ವಿಷಯಕ್ಕೆ ಬರೋಣ. ಅಣೆಕಟ್ಟು ಮುಗಿದದ್ದು 1964ರಲ್ಲಿ, ತುಂಬಿದಾಗ ಮಟ್ಟ ಸಮುದ್ರಮಟ್ಟದಿಂದ 1819 ಅಡಿ, ಅಂದರೆ ಸುಮಾರು 554 ಮೀಟರ್. ಆ ಎತ್ತರಕ್ಕೆ ಗೆರೆ ಎಳೆದರೆ ತುಂಬಿದ ಹಿನ್ನೀರಿನ ಅಂಚು ಬರುತ್ತದೆ. ಅದೇ ಹುಮ್ಮಸ್ಸಿನಲ್ಲಿ ನಾಸಾದ ಎಸ್‌ಆರ್‌ಟಿಎಂ ಎತ್ತರದ ಮಾಹಿತಿ ಹಾಕಿ ಮುಳುಗಿದ ಕಣಿವೆಯನ್ನೂ ಬಿಡಿಸುತ್ತೇನೆಂದು ಹೊರಟೆ. ಬಂದದ್ದು ರೊಟ್ಟಿಯಂಥ ಸಪಾಟು ನೆಲ! ಆ ಅಳತೆ ನಡೆದದ್ದು 2000ದ ಫೆಬ್ರವರಿಯಲ್ಲಿ, ರಾಡಾರಿಗೆ ಕಂಡದ್ದು ಅವತ್ತಿನ ನೀರಿನ ಮೈ ಮಾತ್ರ. ಹೊಳೆ ಮೊದಲು ಹೇಗೆ ಹರಿಯುತ್ತಿತ್ತು ಎಂದು ತಿಳಿಯಲು ಅಣೆಕಟ್ಟಿಗೂ ಮುಂಚಿನ ಹಾಳೆಯೇ ಬೇಕು. ಅಮೆರಿಕದ ಸೇನೆಯ ನಕ್ಷಾ ವಿಭಾಗ 1950ರ ದಶಕದಲ್ಲಿ ಮುದ್ರಿಸಿದ 1:2,50,000ದ ಭಾರತದ ಹಾಳೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ತಾಣದಲ್ಲಿವೆ. ಒಂದು ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರ್, ಮನೆ ಕೊಟ್ಟಿಗೆ ಕಾಣುವುದಿಲ್ಲ. ಹೊಳೆಯ ತಿರುವು ಹಿಡಿಯಲು ಸಾಕು.

ಮನೆ ಕೊಟ್ಟಿಗೆ ಹಿರಿಯರ ತಲೆಯಲ್ಲಿವೆ. ಅವರ ಮುಂದೆ ಅಚ್ಚಾದ ನಕ್ಷೆ ಹಾಸಬೇಡಿ, ‘ಸರ್ಕಾರದ್ದು ಸರಿಯೇ ಇರುತ್ತದೆ’ ಎಂದು ಸುಮ್ಮನಾಗುತ್ತಾರೆ. ನಾನು ಖಾಲಿ ಹಾಳೆಯಲ್ಲಿ ಹೊಳೆ ಒಂದನ್ನೇ ಬರೆದು ಅಜ್ಜಿಯ ಮುಂದಿಟ್ಟೆ. ಬೆರಳಿಟ್ಟು ಹೇಳುತ್ತ ಹೋದರು: ಇಲ್ಲಿ ಸಂಕ (ಕಾಲುಸೇತುವೆ), ಸಂಕದಿಂದ ಕೂಗಳತೆಯಲ್ಲಿ ಬ್ಯಾಣ (ಹುಲ್ಲುಗಾವಲು), ಮೇಲೆ ಸೊಪ್ಪಿನಬೆಟ್ಟ, ಅದರಾಚೆ ಕಾನು, ಹೆಂಗಸರು ಒಬ್ಬರೇ ಹೋಗುತ್ತಿರಲಿಲ್ಲ. ಬಡಗು ತೆಂಕು ಅವರಿಗೆ ಬೇಕಿರಲಿಲ್ಲ. ಹೊಳೆಯ ಆಚೆ, ಈಚೆ, ಮೇಲೆ, ಕೆಳಗೆ ಇಷ್ಟೇ. ಇಬ್ಬರು ಮೂವರಿಂದ ಬೇರೆಬೇರೆ ಹಾಳೆ ಬರೆಸಿ. ಸಂಕ ಎಲ್ಲರಲ್ಲೂ ಒಂದೇ ಕಡೆ ಬಂದರೆ ಗಟ್ಟಿ ಗೆರೆ.

ಶಾಸನಗಳನ್ನು ಗುರುತಿಸುವಾಗ ನಾನು ಮಾಡಿದ ಎಡವಟ್ಟನ್ನು ನೀವು ಖಂಡಿತ ಮಾಡುತ್ತೀರಿ, ಏಕೆಂದರೆ ನಿಮ್ಮದು ಅದೇ ಸೀಮೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನಸಂಗ್ರಹದ 8ನೇ ಸಂಪುಟದಲ್ಲಿ (1904) ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆಗಳಿವೆ: ಸೊರಬ ಇಷ್ಟು, ಸಾಗರ ಇಷ್ಟು, ನಗರ ಇಷ್ಟು. ‘ನಗರ’ ಎಂದು ಕಂಡದ್ದನ್ನೆಲ್ಲ ನಾನು ಬಿದನೂರು ಕೋಟೆಯ ಮೇಲೆ ಚುಕ್ಕಿ ಇಟ್ಟೆ. ಕೋಟೆ ಚುಕ್ಕಿಗಳಡಿ ಮುಚ್ಚಿಹೋಯಿತು. ಆಗ ತಾಲ್ಲೂಕಿನ ಹೆಸರೇ ನಗರ, ಈಗ ನಾವು ಹೊಸನಗರ ಎನ್ನುವುದು. ನಗರ 35 ಎಂಬ ಶಾಸನ ಇರುವುದು ಹುಂಚದಲ್ಲಿ. ಅದಕ್ಕೇ ನಕ್ಷೆಯ ಮೂಲೆಯಲ್ಲಿ ಅದು ಯಾವ ವರ್ಷದ ಗಡಿ ಎಂದು ಬರೆಯಿರಿ. 1997ಕ್ಕೆ ಮುಂಚಿನ ಶಿವಮೊಗ್ಗ ಜಿಲ್ಲೆಯಲ್ಲಿ ಹೊನ್ನಾಳಿ, ಚನ್ನಗಿರಿಯೂ ಇದ್ದವು.

ಹೆಸರುಗಳನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿ, ಹಳೆಯ ನುಡಿ ಫಾಂಟಿನದು ಕ್ಯೂಜಿಐಎಸ್‌ನಲ್ಲಿ ಕಾಗೆಕಾಲು ಗುಬ್ಬಿಕಾಲು ಆಗುತ್ತದೆ. ಕಾಡಿನೊಳಗೆ ಕಾವಲಿಲ್ಲದೆ ಬಿದ್ದಿರುವ ವೀರಗಲ್ಲು, ಪಾಳು ಗುಡಿಗಳ ನಿಖರ ಜಾಗವನ್ನು ಮಾತ್ರ ಅಚ್ಚಿನ ನಕ್ಷೆಯಲ್ಲಿ ತೋರಿಸಬೇಡಿ, ನಿಧಿಗಳ್ಳರಿಗೆ ನೀವೇ ದಾರಿ ತೋರಿಸಿದಂತಾದೀತು. ಗ್ರಾಮದ ಹೆಸರು ಸಾಕು.

ಇಷ್ಟಾದ ಮೇಲೆ ಮೇ ತಿಂಗಳಲ್ಲಿ, ನೀರು ತಳ ಸೇರಿದಾಗ, ಹಾಳೆಗಳನ್ನು ಹಿಡಿದು ಹಿನ್ನೀರಿಗೆ ಇಳಿಯಿರಿ. ಮಳೆ ಕೈಕೊಟ್ಟ ವರ್ಷಗಳಲ್ಲಿ ಹಿನ್ನೀರಿನಲ್ಲಿ ಮುಳುಗಿರುವ ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಮೇಲೆದ್ದು ನಿಲ್ಲುತ್ತದೆ, ನಿಮ್ಮೂರ ಸಂಕದ ಕಲ್ಲು, ಬಾವಿಕಟ್ಟೆ ಕಂಡರೂ ಕಾಣಬಹುದು. ಕಂಡಲ್ಲೆಲ್ಲ ಮೊಬೈಲಿನಲ್ಲಿ ಜಾಗ ಗುರುತಿಸಿ ಫೋಟೋ ತೆಗೆಯಿರಿ. ಹೂಳು ಮೇಲೆ ಒಣಗಿ ಬಿರಿದಂತೆ ಕಂಡರೂ ಅಡಿಯಲ್ಲಿ ಸೊಂಟದವರೆಗೆ ಹುಗಿಯುತ್ತದೆ. ಒಬ್ಬರೇ ಹೋಗಬೇಡಿ, ಅಲ್ಲಿ ದನ ಮೇಯಿಸುವವರನ್ನು ಮುಂದೆ ಬಿಟ್ಟುಕೊಳ್ಳಿ.