ಗ್ಯಾಲರಿ ಬಾಗಿಲು ತಳ್ಳಿ, ಯಾರೂ ಬೈಯಲ್ಲ

ಹಿಂದಿನ ಸಂಚಿಕೆಯಲ್ಲಿ ಮುಂಬಯಿಯ ಆರ್ಟ್ ನೈಟ್ ಥರ್ಸ್‌ಡೇ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ತಿಂಗಳಿಗೊಂದು ಗುರುವಾರ, ಸಾಮಾನ್ಯವಾಗಿ ಎರಡನೇ ಗುರುವಾರ, ಕೊಲಾಬಾ, ಕಾಲಾ ಘೋಡಾ, ಫೋರ್ಟ್ ಕಡೆಯ ಆರ್ಟ್ ಗ್ಯಾಲರಿಗಳು ರಾತ್ರಿ ಒಂಬತ್ತೂವರೆ ತನಕ ತೆರೆದಿರುತ್ತವೆ, ಹೊಸ ಪ್ರದರ್ಶನಗಳು ಎಷ್ಟೋ ಸಲ ಅವತ್ತೇ ಶುರುವಾಗುತ್ತವೆ ಅಂತ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ತಮಾಷೆ ಅಂದರೆ ಚಿತ್ರಗಳ ಬಗ್ಗೆ ಕೇಳಿದವರು ಕಮ್ಮಿ. ಒಳಗೆ ಹೋಗೋದು ಹೇಗೆ ಅಂತ ಕೇಳಿದವರೇ ಜಾಸ್ತಿ.

ನನ್ನ ಬ್ಯಾಂಕು ಫೋರ್ಟಿನಲ್ಲೇ ಇದೆ ಮೇಡಂ. ವರ್ಷಗಳಿಂದ ಆ ಕಟ್ಟಡಗಳ ಮುಂದೆಯೇ ಓಡಾಡುತ್ತೇನೆ. ಒಮ್ಮೆ ಧೈರ್ಯ ಮಾಡಿ ಒಂದು ಗ್ಯಾಲರಿಯ ಮೆಟ್ಟಿಲು ಹತ್ತಲು ಹೋದರೆ ಕೆಳಗಿದ್ದ ವಾಚ್‌ಮನ್ ‘ಕಿಸ್ಸೆ ಮಿಲ್ನಾ ಹೈ’ ಅಂದ. ಸುಮ್ಮನೆ ವಾಪಸ್ ಬಂದೆ. ಟಿಕೆಟ್ ಇರುತ್ತಾ? ಏನಾದರೂ ಕೊಳ್ಳಲೇಬೇಕಾ? — ಡೊಂಬಿವಲಿಯ ಓದುಗರು

ಟಿಕೆಟ್ ಇಲ್ಲ, ಕೊಳ್ಳಬೇಕಾಗಿಲ್ಲ, ಆಮಂತ್ರಣ ಪತ್ರಿಕೆಯೂ ಬೇಡ. ಆ ವಾಚ್‌ಮನ್ ನಿಮ್ಮ ಶರ್ಟು ನೋಡಿ ಕೇಳಿದ್ದಲ್ಲ ಸರ್. ಫೋರ್ಟಿನ ಹಳೇ ಕಟ್ಟಡಗಳಲ್ಲಿ ಒಂದೇ ಮೆಟ್ಟಿಲಿನ ಮೇಲೆ ವಕೀಲರು, ಸಿಎಗಳು, ಶಿಪ್ಪಿಂಗ್ ಆಫೀಸು ಎಲ್ಲ ಇರುತ್ತವೆ, ಅವನು ಕೊರಿಯರ್ ಹುಡುಗನಿಗೂ ಅದನ್ನೇ ಕೇಳುತ್ತಾನೆ. ‘ಎಕ್ಸಿಬಿಷನ್ ದೇಖನೇ’ ಅಂದರೆ ಬೆರಳು ಮೇಲಕ್ಕೆ ತೋರಿಸುತ್ತಾನೆ, ಅಷ್ಟೇ.

ಉದಾಹರಣೆಗೆ ಕೆಮೋಲ್ಡ್ ಪ್ರೆಸ್ಕಾಟ್ ರೋಡ್ ಗ್ಯಾಲರಿ. 1963ರಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿಯ ಕಟ್ಟಡದಲ್ಲಿ ಶುರುವಾಗಿ, 2007ರಲ್ಲಿ ಫೋರ್ಟಿಗೆ ಬಂದದ್ದು. ಇರೋದು ಕ್ವೀನ್ಸ್ ಮ್ಯಾನ್ಶನ್‌ನ ಮೂರನೇ ಮಹಡಿಯಲ್ಲಿ. ರಸ್ತೆಯಲ್ಲಿ ನಿಂತವರಿಗೆ ಮೇಲೆ ಇಷ್ಟು ದೊಡ್ಡ ಬಿಳಿ ಹಾಲ್ ಇದೆ ಅಂತ ಹೊಳೆಯುವುದೇ ಇಲ್ಲ. ಇಂಥ ಕಡೆ ಬಾಗಿಲ ಮೇಲೆ ಸಣ್ಣ ಅಕ್ಷರದ ಹೆಸರು, ಪಕ್ಕದಲ್ಲಿ ಬೆಲ್. ಒಳಗೆ ಮೇಜಿನ ಹಿಂದೆ ಲ್ಯಾಪ್‌ಟಾಪ್ ನೋಡುತ್ತಾ ಕೂತ ಹುಡುಗಿ ತಲೆ ಎತ್ತದೆಯೂ ಇರಬಹುದು. ಅದನ್ನು ಅವಮಾನ ಅಂತ ತಗೋಬೇಡಿ. ಸೀರೆ ಅಂಗಡಿಯವರ ಥರ ಹಿಂದೆ ಬೀಳದೆ, ನೋಡುವವರನ್ನು ಅವರ ಪಾಡಿಗೆ ಬಿಡುವುದು ಅಲ್ಲಿನ ಮರ್ಯಾದೆ. ಮೇಜಿನ ಮೇಲೆ ಒಂದು ಹಾಳೆ ಇಟ್ಟಿರುತ್ತಾರೆ, ಯಾವ ನಂಬರಿನ ಚಿತ್ರದ ಹೆಸರೇನು, ಯಾವ ವರ್ಷದ್ದು, ಯಾವುದರಲ್ಲಿ ಮಾಡಿದ್ದು ಅಂತ. ಅದನ್ನು ಹಿಡಿದುಕೊಂಡು ಒಂದು ಸುತ್ತು ಹಾಕಿ. ಗೋಡೆ ಮೇಲೆ ಬೆಲೆ ಬರೆದಿರುವುದಿಲ್ಲ, ಬೇಕಾದರೆ ಕೇಳಬಹುದು.

ಮೊದಲ ಸಲ ಹೋಗುವವರಿಗೆ ಈ ಗುರುವಾರಗಳೇ ಒಳ್ಳೇದು. ಬಾಗಿಲು ತೆರೆದೇ ಇರುತ್ತದೆ, ಜನ ಬರ್ತಾ ಹೋಗ್ತಾ ಇರುತ್ತಾರೆ, ನೀವು ಹೊಸಬರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಹಾಗಂತ ಅವತ್ತು ಚಿತ್ರ ಚೆನ್ನಾಗಿ ನೋಡಬಹುದು ಅಂತ ನಾನು ಹೇಳುವುದಿಲ್ಲ. ಓಪನಿಂಗ್ ದಿನ ಅರ್ಧ ಜನ ಚಿತ್ರಕ್ಕೆ ಬೆನ್ನು ಹಾಕಿ, ಕೈಯಲ್ಲಿ ಗ್ಲಾಸು ಹಿಡಿದು ಮಾತಾಡುತ್ತಿರುತ್ತಾರೆ. ಗುರುವಾರ ಧೈರ್ಯಕ್ಕೆ ಹೋಗಿ, ಇಷ್ಟವಾದ ಒಂದೇ ಒಂದು ಪ್ರದರ್ಶನಕ್ಕೆ ಮುಂದಿನ ವಾರ ಲಂಚ್ ಟೈಮಿನಲ್ಲಿ ಮತ್ತೆ ಹೋಗಿ. ನಿಮ್ಮ ಬ್ಯಾಂಕು ಹತ್ತಿರದಲ್ಲೇ ಇದೆಯಲ್ಲ, ಆಗ ಇಡೀ ಹಾಲು ನಿಮ್ಮದೇ.

ಜಹಾಂಗೀರ್ ಏಳು ಗಂಟೆಗೇ ಮುಚ್ಚುತ್ತದೆ, ಅದನ್ನು ಮೊದಲು ಮುಗಿಸಿ. ಒಂದೇ ಸಂಜೆ ಎಲ್ಲ ಗ್ಯಾಲರಿ ನೋಡ್ತೀನಿ ಅಂತ ಹೊರಟರೆ ಕೊನೆಗೆ ನೆನಪಿರೋದು ಕಾಲುನೋವು ಮಾತ್ರ, ಮೂರು ಸಾಕು. ವಾಪಸ್ ಹೋಗುವಾಗ ಸಿಎಸ್‌ಎಂಟಿಯಿಂದಲೇ ಹೊರಡುವ ಡೊಂಬಿವಲಿ ಲೋಕಲ್ ಹಿಡಿದರೆ ಆ ಹೊತ್ತಿಗೆ ಸೀಟೂ ಸಿಗಬಹುದು. ಅಂಧೇರಿ, ಬಿಕೆಸಿ ಕಡೆಯವರಿಗೆ ಈಗ ಮೆಟ್ರೋ 3 ಇದೆ. 2025ರ ಅಕ್ಟೋಬರಿನಿಂದ ಅದು ಕಫ್ ಪರೇಡ್ ತನಕ ಓಡುತ್ತಿದೆ. ಹುತಾತ್ಮ ಚೌಕದಲ್ಲಿ ಇಳಿದರೆ ಕಾಲಾ ಘೋಡಾ ನಡೆಯುವಷ್ಟೇ ದೂರ.

ಮಗಳ ಮನೆಗೆ ಅಂತ ಫಿಲಡೆಲ್ಫಿಯಾಗೆ ಹೋಗಿದ್ದಾಗ ಫಸ್ಟ್ ಫ್ರೈಡೇ ನೋಡಿದೆ, ತಿಂಗಳ ಮೊದಲ ಶುಕ್ರವಾರ ಸಂಜೆ ಗ್ಯಾಲರಿಗಳು ತೆರೆದಿರುವ ಹಬ್ಬ. ಬೀದಿ ತುಂಬ ಜನ, ಹಾಡು, ಅಂಗಡಿಗಳೆಲ್ಲ ತೆರೆದಿದ್ದವು. ನಮ್ಮಲ್ಲಿ ಆ ಕಳೆಯೇ ಇಲ್ಲವಲ್ಲ? — ಠಾಣೆಯ ಓದುಗರು

ಫಿಲಡೆಲ್ಫಿಯಾದ ಓಲ್ಡ್ ಸಿಟಿಯಲ್ಲಿ ಅದು 1991ರಿಂದ ನಡೆಯುತ್ತಿದೆ, ಪೋರ್ಟ್‌ಲ್ಯಾಂಡಿನ ಫಸ್ಟ್ ಥರ್ಸ್‌ಡೇ ಇನ್ನೂ ಹಳೆಯದು, 1986ರದ್ದು. ಅಲ್ಲಿ ಗ್ಯಾಲರಿ, ಕಾಫಿ ಅಂಗಡಿ, ಬಟ್ಟೆ ಅಂಗಡಿ ಎಲ್ಲ ನೆಲಮಹಡಿಯಲ್ಲಿ, ಅಕ್ಕಪಕ್ಕದಲ್ಲೇ ಇರುತ್ತವೆ. ಒಂದರಿಂದ ಹೊರಬಿದ್ದರೆ ಇನ್ನೊಂದರ ಒಳಗೆ. ಇಲ್ಲಿ ಗ್ಯಾಲರಿಗಳು ಫೋರ್ಟಿನಿಂದ ತಾಜ್ ಹೋಟೆಲಿನ ಹಿಂದಿನ ಗಲ್ಲಿಗಳ ತನಕ ಚದುರಿಹೋಗಿವೆ, ಎಷ್ಟೋ ಮಹಡಿಯ ಮೇಲಿವೆ. ಹಾಗಾಗಿ ಬೀದಿಗೆ ಕಳೆ ಬರುವುದಿಲ್ಲ. ಬೀದಿ ಜಾತ್ರೆಯೇ ಬೇಕು ಅಂದರೆ ಕಾಲಾ ಘೋಡಾ ಆರ್ಟ್ಸ್ ಫೆಸ್ಟಿವಲ್‌ಗೆ ಬನ್ನಿ, 1999ರಿಂದ ನಡೆಯುತ್ತಿದೆ, ಸಾಮಾನ್ಯವಾಗಿ ಫೆಬ್ರವರಿ ಆಸುಪಾಸಿನಲ್ಲಿ. ಅಲ್ಲಿ ವೀಕೆಂಡ್‌ನಲ್ಲಿ ಕಾಲಿಡಲು ಜಾಗ ಸಿಕ್ಕರೆ ನಿಮ್ಮ ಪುಣ್ಯ.

ಇದೆಲ್ಲ ಇಂಗ್ಲಿಷ್ ಮಾತಾಡುವ ದುಡ್ಡಿನವರ ಆಟ. ಕನ್ನಡ ಪತ್ರಿಕೆಗೆ ಯಾಕೆ ಬೇಕು? — ಮುಲುಂಡಿನ ಹಿರಿಯ ಓದುಗರು

ಹಿರಿಯರು ಹೇಳಿದ್ದರಲ್ಲಿ ಅರ್ಧ ಸರಿ. ದುಡ್ಡಿನವರು ಇರುತ್ತಾರೆ, ಇಂಗ್ಲಿಷೂ ಜಾಸ್ತಿಯೇ, ಗೋಡೆ ಮೇಲೆ ಅಂಟಿಸಿದ ಬರಹಗಳಂತೂ ಕೆಲವು ಸಲ ಯಾವ ಭಾಷೆಯಲ್ಲಿ ಓದಿದರೂ ಅರ್ಥವಾಗುವುದಿಲ್ಲ. ಆದರೆ ನಮಗೆ ಸಂಬಂಧ ಇಲ್ಲ ಅಂದರೆ ಒಪ್ಪಲಾರೆ.

ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಬಂದದ್ದು ಇದೇ ಊರಿಗೆ. ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತರು, ಆಮೇಲೆ ಅಲ್ಲೇ ಕಲಿಸಿದರು, 1996ರಲ್ಲಿ ತೀರಿಕೊಂಡದ್ದೂ ಮುಂಬಯಿಯಲ್ಲೇ. ಪೆನ್ನು ಎತ್ತದೆ ಎಳೆದ ಹಾಗಿರುವ ಅವರ ಗೆರೆಯ ಕುಣಿತಗಾರರನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಕಲಬುರಗಿಯ ಎಸ್.ಎಂ. ಪಂಡಿತರೂ ಜೆ.ಜೆ.ಯಲ್ಲಿ ಕಲಿತವರೇ. ಸಿನಿಮಾ ಪೋಸ್ಟರು, ಕ್ಯಾಲೆಂಡರಿನ ದೇವರ ಚಿತ್ರಗಳಿಂದ ಮನೆಮನೆಗೆ ಹೋದರು. ಅದೇ ಫೋರ್ಟಿನ ಗಲ್ಲಿಗಳಲ್ಲಿ ಹಗಲು ಹೋಟೆಲಿನಲ್ಲಿ ತಟ್ಟೆ ಎತ್ತಿ, ಸಂಜೆ ಕನ್ನಡ ರಾತ್ರಿಶಾಲೆಗೆ ಹೋದ ನಮ್ಮ ಹುಡುಗರು ಎಷ್ಟು ಜನ. ಈ ಜಾಗ ನಮಗೆ ಹೊಸದೇನಲ್ಲ. ಮೊಮ್ಮಕ್ಕಳ ಜೊತೆ ಒಮ್ಮೆ ಬನ್ನಿ, ಬಂದಮೇಲೆ ಬೈದು ಇನ್ನೊಂದು ಪತ್ರ ಬರೆಯಿರಿ, ಖಂಡಿತ ಹಾಕುತ್ತೇವೆ.

ನಮ್ಮ ತಂದೆಯವರ ಕಾಲದ ಉಡುಪಿ ಹೋಟೆಲ್ ಫೋರ್ಟಿನಲ್ಲಿದೆ ಅಕ್ಕ. ಆಫೀಸುಗಳು ಬಿಟ್ಟ ಮೇಲೆ ವ್ಯಾಪಾರ ಸತ್ತ ಹಾಗೆ, ಎಂಟೂವರೆಗೆ ಶಟರ್ ಎಳೆಯುತ್ತೇವೆ. ಈ ಆರ್ಟ್ ನೈಟ್‌ನಿಂದ ನಮ್ಮಂಥವರಿಗೆ ಏನಾದರೂ ಲಾಭ ಇದೆಯಾ? — ಓದುಗ, ಫೋರ್ಟ್

ಇದೆ, ಆದರೆ ಎಂಟೂವರೆಗೆ ಶಟರ್ ಎಳೆದರೆ ಹೇಗೆ ತಮ್ಮಾ? ಗ್ಯಾಲರಿಯಿಂದ ಜನ ಹೊರಗೆ ಬರುವುದೇ ಒಂಬತ್ತರ ಮೇಲೆ. ಆರು ಗಂಟೆಯಿಂದ ಮೆಟ್ಟಿಲು ಹತ್ತಿ ಇಳಿದು, ಎರಡು ಗೋಡಂಬಿ, ಒಂದು ಚೀಸ್ ತುಂಡಿನ ಮೇಲೆ ಸಂಜೆ ಕಳೆದವರಿಗೆ ಹಸಿವು ಯಾವ ಮಟ್ಟದಲ್ಲಿರುತ್ತದೆ ಊಹಿಸಿಕೊಳ್ಳಿ. ಅವರಲ್ಲಿ ಕೈಯಲ್ಲಿ ಕಾಸಿರುವವರು ಏಡಿ ತಿನ್ನಲು ತೃಷ್ಣಾಗೋ ಮಹೇಶ್ ಲಂಚ್ ಹೋಮಿಗೋ ಹೋಗುತ್ತಾರೆ. ಆರ್ಟ್ ಸ್ಕೂಲಿನ ಹುಡುಗರು, ನನ್ನಂಥ ಬರೆಯುವವರು, ಗ್ಯಾಲರಿಯಲ್ಲಿ ಚಿತ್ರ ತೂಗುಹಾಕುವ ಕೆಲಸದವರು, ಇವರೆಲ್ಲ ಎಲ್ಲಿಗೆ ಹೋಗಬೇಕು? ಆ ಒಂದು ದಿನ ಹತ್ತೂವರೆ ತನಕ ತೆರೆದಿಡಿ. ಪೂರ್ತಿ ಮೆನು ಬೇಡ. ಸೆಟ್ ದೋಸೆ, ಗೋಳಿಬಜೆ, ಫಿಲ್ಟರ್ ಕಾಫಿ ಸಾಕು. ಕುಕ್ ಒಬ್ಬ, ಸಪ್ಲೈಯರ್ ಇಬ್ಬರು ನಿಂತರೆ ನಡೆಯುತ್ತದೆ, ಅವರಿಗೆ ಓವರ್‌ಟೈಮ್ ಕೊಡಿ ಮತ್ತೆ.

ಇನ್ನೊಂದು ದಾರಿ, ನಿಮ್ಮ ಗಲ್ಲಿಯ ಗ್ಯಾಲರಿಗೆ ನೀವೇ ಹೋಗಿ ಮಾತಾಡಿ. ಓಪನಿಂಗಿಗೆ ಅವರು ತಿಂಡಿ ತರಿಸಿಯೇ ತರಿಸುತ್ತಾರೆ. ಎರಡು ವಾರ ಮುಂಚೆ ಹೋಗಿ, ಒಂದು ಡಬ್ಬಿಯಲ್ಲಿ ಗೋಳಿಬಜೆ ಹಿಡಿದುಕೊಂಡೇ ಹೋಗಿ. ಚಟ್ನಿ ಮಾತ್ರ ಬೇಡ! ಸಾವಿರಾರು ರೂಪಾಯಿಯ ಕ್ಯಾನ್ವಾಸಿನ ಪಕ್ಕ ಚಟ್ನಿ ಕಪ್ಪು ನೋಡಿದರೆ ಆ ಹುಡುಗಿಯರ ಜೀವ ಹಾರಿಹೋಗುತ್ತದೆ. ಒಣ ತಿಂಡಿ, ಕೈಗೆ ಎಣ್ಣೆ ಅಂಟದ್ದು, ಒಂದೇ ತುತ್ತಿಗೆ ಆಗುವಂಥದ್ದು ನೋಡಿ ಕಳಿಸಿ. ಗೋಳಿಬಜೆಗೂ ಕೆಳಗೆ ಟಿಶ್ಯೂ ಇರಲಿ.

ಹೋಟೆಲಿನ ಗೋಡೆಯಲ್ಲಿ ಹೊಸ ಕಲಾವಿದರ ಚಿತ್ರ ಹಾಕಬಹುದಾ ಅಂತಲೂ ಕೇಳಿದ್ದೀರಿ. ಅಡುಗೆಮನೆಯ ಹಬೆ, ಎಣ್ಣೆ ಹೊಗೆ ತಾಗದ ಗೋಡೆ ಇದ್ದರೆ ಹಾಕಿ, ಗಾಜು ಹಾಕಿದ ಫ್ರೇಮ್ ಇರಲಿ, ಕೆಳಗೆ ಹೆಸರು, ಬೆಲೆ ಬರೆದಿರಿ, ಮಾರಾಟವಾದರೆ ದುಡ್ಡೆಲ್ಲ ಅವರಿಗೇ ಕೊಡಿ. ಜಹಾಂಗೀರ್ ಗ್ಯಾಲರಿಯೊಳಗೆ ಸಮೋವಾರ್ ಅಂತ ಒಂದು ಕೆಫೆ ಇತ್ತು, 1964ರಿಂದ 2015ರ ತನಕ. ಚಹಾ, ಪರಾಠಾ ಇಟ್ಟುಕೊಂಡು ಕಲಾವಿದರು ಗಂಟೆಗಟ್ಟಲೆ ಕೂರುತ್ತಿದ್ದರು, ಯಾರೂ ಎಬ್ಬಿಸುತ್ತಿರಲಿಲ್ಲ. ಅದು ಮುಚ್ಚಿದ ಮೇಲೆ ಅಷ್ಟು ಹೊತ್ತು ಅಷ್ಟು ಕಮ್ಮಿಯಲ್ಲಿ ಕೂರುವ ಜಾಗ ಆ ಸುತ್ತಿನಲ್ಲಿ ಹುಡುಕಬೇಕು. ಉಡುಪಿ ಹೋಟೆಲಿನವರಿಗೆ ಟೇಬಲ್ ಬೇಗ ಖಾಲಿಯಾಗಬೇಕು ಅನ್ನೋದು ಗೊತ್ತು ನನಗೆ. ತಿಂಗಳಿಗೆ ಒಂದೇ ರಾತ್ರಿ ಅಲ್ವಾ.

ದಾವಣಗೆರೆಯಲ್ಲಿ ಕಲೆ ಓದಿ ಈಗ ನವಿ ಮುಂಬಯಿಯ ಅನಿಮೇಷನ್ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದೇನೆ. ರಾತ್ರಿ ಪೇಂಟ್ ಮಾಡುತ್ತೇನೆ. ಆರ್ಟ್ ನೈಟ್ ದಿನ ಗ್ಯಾಲರಿಯವರಿಗೆ ನನ್ನ ಕೆಲಸ ತೋರಿಸಬಹುದೇ? — ಓದುಗಿ, ನೆರೂಲ್

ದಯವಿಟ್ಟು ಬೇಡ. ಅವತ್ತು ಗ್ಯಾಲರಿಯವರ ಗಮನವೆಲ್ಲ ತಮ್ಮ ಕಲಾವಿದರ ಮೇಲೆ, ಕೊಳ್ಳುವವರ ಮೇಲೆ ಇರುತ್ತದೆ. ಆ ಗದ್ದಲದಲ್ಲಿ ಫೋನು ತೆಗೆದು ‘ಒಂದೇ ನಿಮಿಷ ಮೇಡಂ’ ಅಂದರೆ ನಕ್ಕು ಮರೆತುಬಿಡುತ್ತಾರೆ. ಅವತ್ತು ನೀವು ಮಾಡಬೇಕಾದ್ದು ಬೇರೆ. ಯಾವ ಗ್ಯಾಲರಿ ಯಾವ ಥರದ ಕೆಲಸ ತೋರಿಸುತ್ತದೆ ಅಂತ ನೋಡಿಕೊಳ್ಳಿ. ನಿಮ್ಮದು ಜಲವರ್ಣದ ನಿಸರ್ಗ ಚಿತ್ರ, ಅವರದು ವಿಡಿಯೋ ಮತ್ತು ತಂತಿಯ ಕೆಲಸ ಅಂದರೆ ಅಲ್ಲಿ ಕಾಯುವುದೇ ದಂಡ. ನಿಮ್ಮ ವಯಸ್ಸಿನ ಕಲಾವಿದರ ಜೊತೆ ಪರಿಚಯ ಮಾಡಿಕೊಳ್ಳಿ. ಗ್ಯಾಲರಿಯವರು ಹೊಸಬರ ಬಗ್ಗೆ ಮೊದಲು ಕೇಳುವುದು ತಮ್ಮಲ್ಲಿರುವ ಕಲಾವಿದರನ್ನೇ. ಆಮೇಲೆ ಇನ್ನೊಂದು ದಿನ ಒಳ್ಳೆ ಬೆಳಕಿನಲ್ಲಿ ತೆಗೆದ ಹತ್ತು ಚಿತ್ರ, ಅಳತೆ, ವರ್ಷ, ಅರ್ಧ ಪುಟದ ಪರಿಚಯ, ಇಷ್ಟನ್ನು ಮೇಲ್ ಮಾಡಿ. ಉತ್ತರ ಬರದೇ ಇರಬಹುದು, ಅದಕ್ಕೆ ಕುಗ್ಗಬೇಡಿ.

ಲೆಕ್ಕವೂ ತಿಳಿದಿರಲಿ. ಖಾಸಗಿ ಗ್ಯಾಲರಿಗಳು ಸಾಮಾನ್ಯವಾಗಿ ಮಾರಾಟದ ಬೆಲೆಯಲ್ಲಿ ಮೂರನೇ ಒಂದು ಭಾಗದಿಂದ ಅರ್ಧದ ತನಕ ತಗೊಳ್ಳುತ್ತವೆ. 40,000 ರೂಪಾಯಿಗೆ ಚಿತ್ರ ಹೋಯಿತು ಅಂದರೆ ನಿಮ್ಮ ಕೈಗೆ 20,000 ಬರಬಹುದು. ಫ್ರೇಮಿನ ಖರ್ಚು ಯಾರದ್ದು, ದುಡ್ಡು ಯಾವಾಗ ಬರುತ್ತದೆ ಅನ್ನೋದನ್ನು ಬರವಣಿಗೆಯಲ್ಲಿ ತಗೊಳ್ಳಿ, ನಾಚಿಕೆ ಬೇಡ. ಜಹಾಂಗೀರ್ ಬೇರೆ ರೀತಿ, ಅಲ್ಲಿ ಕಲಾವಿದರೇ ಬಾಡಿಗೆ ಕಟ್ಟಿ ಒಂದು ವಾರ ಹಾಲ್ ತಗೊಳ್ಳುತ್ತಾರೆ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕು, ಅದಕ್ಕೇ ಇವತ್ತೇ ಹಾಕಿ. ಅಷ್ಟರೊಳಗೆ 1888ರಲ್ಲಿ ಶುರುವಾದ ಬಾಂಬೆ ಆರ್ಟ್ ಸೊಸೈಟಿಯ ವಾರ್ಷಿಕ ಪ್ರದರ್ಶನಕ್ಕೆ, ನಮ್ಮ ಕರ್ನಾಟಕ ಲಲಿತಕಲಾ ಅಕಾಡೆಮಿಯ ಪ್ರದರ್ಶನಕ್ಕೆ ಕೆಲಸ ಕಳಿಸುತ್ತಾ ಇರಿ. ಜಹಾಂಗೀರ್ ಎದುರಿನ ಫುಟ್‌ಪಾತಿನಲ್ಲಿ ಚಿತ್ರ ಇಟ್ಟು ಕೂರುವವರನ್ನೂ ಒಮ್ಮೆ ಮಾತಾಡಿಸಿ. ಯಾವ ಅಳತೆಯದ್ದು ಯಾವ ಬೆಲೆಗೆ ನಿಜವಾಗಿ ಹೋಗುತ್ತದೆ ಅಂತ ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ.

ಹೊಸ ಮನೆಗೆ ಹತ್ತು ಸಾವಿರದೊಳಗೆ ಒಂದು ಒಳ್ಳೆ ಚಿತ್ರ ಸಿಗುತ್ತಾ? — ಘಾಟ್‌ಕೋಪರಿನ ದಂಪತಿ

ಪ್ರಿಂಟುಗಳಲ್ಲಿ ಸಿಗಬಹುದು, ಲಿನೋಲಿಯಂ ಹಾಳೆಯಲ್ಲಿ ಕೆತ್ತಿ ಕಾಗದಕ್ಕೆ ಒತ್ತುವ ಲಿನೋಕಟ್, ಲೋಹದ ತಗಡಿನಿಂದ ಒತ್ತುವ ಎಚಿಂಗ್ ಇಂಥವು. ಕೆಳಗೆ ಪೆನ್ಸಿಲಿನಲ್ಲಿ 3/25 ಅಂತ ಬರೆದಿದ್ದರೆ ಇಪ್ಪತ್ತೈದು ಪ್ರತಿಯಲ್ಲಿ ಇದು ಮೂರನೆಯದು ಅಂತ ಅರ್ಥ, ಪಕ್ಕದಲ್ಲಿ ಕಲಾವಿದರ ಸಹಿ ಇರಬೇಕು. ಹೆಸರಿನ ಪಕ್ಕ ಕೆಂಪು ಚುಕ್ಕೆ ಇದ್ದರೆ ಅದು ಮಾರಾಟವಾಗಿದೆ, ಆಸೆ ಬಿಡಿ. ಬಿಲ್ಲು ಮತ್ತು ಅಸಲಿ ಅನ್ನುವ ಸರ್ಟಿಫಿಕೇಟ್ ತಪ್ಪದೆ ತಗೊಳ್ಳಿ. ಸೋಫಾ ಬಣ್ಣಕ್ಕೆ ಹೊಂದುತ್ತಾ ಅಂತ ಮಾತ್ರ ನೋಡಬೇಡಿ, ಸೋಫಾ ಹತ್ತು ವರ್ಷದಲ್ಲಿ ಹೋಗುತ್ತೆ.

ಎಂಟು ವರ್ಷದ ಮಗನನ್ನು ಕರಕೊಂಡು ಹೋಗಬಹುದಾ? — ಮಾಟುಂಗಾದ ತಾಯಿ

ಧಾರಾಳವಾಗಿ. ಮೊದಲು ಹೊರಗೆ ಸವಾರನಿಲ್ಲದ ಕುದುರೆ ತೋರಿಸಿ. ಕಾಲಾ ಘೋಡಾದ ಹಳೇ ಪ್ರತಿಮೆಯಲ್ಲಿ ಕುದುರೆ ಮೇಲೆ ಏಳನೇ ಎಡ್ವರ್ಡ್ ರಾಜ ಕೂತಿದ್ದ. ಅದು 1965ರಲ್ಲಿ ಬೈಕಲಾದ ಮೃಗಾಲಯ ರಾಣಿ ಬಾಗಿಗೆ ಹೋಯಿತು, 2017ರಲ್ಲಿ ಬಂದ ಹೊಸ ಕುದುರೆ ಮೇಲೆ ಯಾರೂ ಇಲ್ಲ. ಮಕ್ಕಳಿಗೆ ಈ ಕಥೆ ಬಹಳ ಇಷ್ಟ. ಒಳಗೆ ಅವನ ಕೈ ಹಿಡಿದಿರಿ, ನೆಲದ ಮೇಲೆ ಇಟ್ಟ ಇಟ್ಟಿಗೆ ರಾಶಿಯೂ ಕಲಾಕೃತಿಯೇ ಆಗಿರಬಹುದು. ಏಳೂವರೆ ಒಳಗೆ ಹೊರಟುಬಿಡಿ.

ಎಲ್ಲ ಮುಂಬಯಿಗೇ ಯಾಕೆ? ಗೋವಾದವರು ಏನು ಮಾಡಬೇಕು? — ಪಣಜಿಯ ಓದುಗರು

ನಿಮಗೇನು ಕಮ್ಮಿ ಸರ್? ಆಲ್ಟಿನೋದಲ್ಲಿ ಸುನಾಪರಾಂತ ಕಲಾಕೇಂದ್ರ, ಪಿಳರ್ಣೆಯಲ್ಲಿ ಮ್ಯೂಸಿಯಂ ಆಫ್ ಗೋವಾ, ಡಿಸೆಂಬರಿನಲ್ಲಿ ಸೆರೆಂಡಿಪಿಟಿ ಆರ್ಟ್ಸ್ ಫೆಸ್ಟಿವಲ್‌ಗೆ ಪಣಜಿಯ ಹಳೇ ಕಟ್ಟಡಗಳೇ ಗ್ಯಾಲರಿ ಆಗುತ್ತವೆ, 2016ರಿಂದ. ಅಲ್ಲಿನ ಅನುಭವ ನೀವೇ ಬರೆದು ಕಳಿಸಿ. ಮುಂದಿನ ತಿಂಗಳ ಪ್ರಶ್ನೆಗಳು 20ನೇ ತಾರೀಕಿನೊಳಗೆ ನಮ್ಮ ಕೈ ಸೇರಲಿ.