ಸೈನ್ಯದಿಂದ ಬಂದವರು ಟೆಕ್ಸಸ್‌ನಲ್ಲಿ ಜಡ್ಜ್ ಚುನಾವಣೆಗೆ ನಿಲ್ಲಬಹುದಾ? ಲಾ ಓದಿರಲೇಬೇಕಾ?

ನಿಲ್ಲಬಹುದು. ಲಾ ಓದಿರಬೇಕೋ ಬೇಡವೋ ಅನ್ನೋದು ಯಾವ ಕೋರ್ಟು ಅನ್ನೋದರ ಮೇಲಿದೆ. ಡಿಸ್ಟ್ರಿಕ್ಟ್ ಕೋರ್ಟಿಗಾದರೆ ಈಗ 8 ವರ್ಷ ವಕೀಲಿಕೆಯ ಅನುಭವ ಬೇಕು. ನಾನಿರುವುದು ಅದಕ್ಕಿಂತ ಬಹಳ ಕೆಳಗೆ, ಜಸ್ಟಿಸ್ ಆಫ್ ದಿ ಪೀಸ್ ಅನ್ನೋ ಸಣ್ಣ ಕೇಸುಗಳ ಜಡ್ಜ್ ಹುದ್ದೆಯಲ್ಲಿ. ಇದಕ್ಕೆ ಪದವಿ ಬೇಡ. ಕರ್ನಾಟಕದಲ್ಲಿ ಎಲ್‌ಎಲ್‌ಬಿ ಮುಗಿಸಿ ಹೈಕೋರ್ಟ್ ನಡೆಸುವ ಪರೀಕ್ಷೆ ಬರೆದು ಸಿವಿಲ್ ಜಡ್ಜ್ ಆದ ನನ್ನ ಗೆಳೆಯನಿಗೆ ಇವತ್ತಿಗೂ ಇದು ಜೋಕು.

ಅಮೆರಿಕದ ಸೈನ್ಯದಲ್ಲಿ ಮೆಡಿಕ್ (ಗಾಯಾಳುಗಳಿಗೆ ಚಿಕಿತ್ಸೆ ಕೊಡುವ ಸೈನಿಕ) ಆಗಿದ್ದೆ, ಪೌರತ್ವ ಸಿಕ್ಕಿದ್ದೂ ಆ ಸೇವೆಯಿಂದಲೇ. ಪೂರ್ಣಾವಧಿ ಸೇವೆಯಲ್ಲಿರುವಾಗ ಪಕ್ಷದ ಟಿಕೆಟ್ ಮೇಲೆ ನಿಲ್ಲುವಂತಿಲ್ಲ. ನಾನು ರಿಸರ್ವ್‌ಗೆ, ಅಂದರೆ ಅರೆಕಾಲಿಕ ಮೀಸಲು ಪಡೆಗೆ, ಬಂದಮೇಲೆ ನಿಂತೆ. ಆಗಲೂ ಸಮವಸ್ತ್ರದ ಫೋಟೋ ಹಾಕಿದರೆ ‘ಇದು ರಕ್ಷಣಾ ಇಲಾಖೆಯ ಬೆಂಬಲವಲ್ಲ’ ಅಂತ ಸ್ಪಷ್ಟವಾಗಿ ಬರೆಯಬೇಕು. ನಮ್ಮದು ಸಣ್ಣ ಕೌಂಟಿ (ಇಲ್ಲಿನ ಜಿಲ್ಲೆ) ಆದ್ದರಿಂದ ಅರ್ಜಿ ಶುಲ್ಕ 375 ಡಾಲರ್. 2 ಲಕ್ಷ ಜನಸಂಖ್ಯೆ ದಾಟಿದ ಕಡೆ 1,000. ನಮ್ಮ ಕಡೆ ಒಂದೇ ಪಕ್ಷದ್ದು ಕಾರುಬಾರು, ಹಾಗಾಗಿ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮಾರ್ಚ್‌ನ ಪ್ರೈಮರಿಯೇ ನಿಜವಾದ ಚುನಾವಣೆ. ಸೈನಿಕ ಅಂದರೆ ಬಾಗಿಲು ತೆಗೀತಾರೆ, ನೀರು ಕೊಡ್ತಾರೆ. ವೋಟು ಕೊಡೋಕೆ ಮುಂಚೆ ಮಾತ್ರ ‘ಇಲ್ಲಿ ಎಷ್ಟು ವರ್ಷದಿಂದ ಇದ್ದೀಯಾ?’ ಅಂತ ಕೇಳ್ತಾರೆ.

ಗೆದ್ದಮೇಲೆ ಮೊದಲ ವರ್ಷ 80 ಗಂಟೆ ತರಬೇತಿ, ಆಮೇಲೆ ವರ್ಷಕ್ಕೆ 20. ನಮ್ಮ ಮುಂದೆ ಬರುವುದು ಜೈಲಿಲ್ಲದೆ ದಂಡವಷ್ಟೇ ಇರುವ ಕೇಸುಗಳು, 20,000 ಡಾಲರ್‌ವರೆಗಿನ ವ್ಯಾಜ್ಯಗಳು, ಬಾಡಿಗೆದಾರರನ್ನು ಖಾಲಿ ಮಾಡಿಸುವ ದಾವೆಗಳು. ಬಹುಪಾಲು ಜನ ವಕೀಲರಿಲ್ಲದೆ ಬರ್ತಾರೆ, ಆದ್ದರಿಂದ ಜಡ್ಜೇ ಪ್ರಶ್ನೆ ಕೇಳಿ ವಿಷಯ ಹೊರತೆಗೆಯಲು ನಿಯಮದಲ್ಲೇ ಅವಕಾಶವಿದೆ. ನನಗೆ ಕಷ್ಟವಾಗೋದು ಈ ಖಾಲಿ ಮಾಡಿಸುವ ದಾವೆಗಳೇ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡ ತಾಯಿ ‘ಮುಂದಿನ ಶುಕ್ರವಾರ ಸಂಬಳ’ ಅಂತಾಳೆ. ಬಾಡಿಗೆ ಬಾಕಿ ಇರೋದೂ ನಿಜ, ಕಾನೂನು ಮನೆಯೊಡೆಯನ ಕಡೆ ಇರೋದೂ ನಿಜ. 5 ದಿನದೊಳಗೆ ಅಪೀಲು ಹಾಕಬಹುದು ಅಂತ ನಿಧಾನವಾಗಿ ವಿವರಿಸ್ತೀನಿ. ಅಪೀಲು ಹೋದರೆ ಕೌಂಟಿ ಕೋರ್ಟಿನಲ್ಲಿ ವಿಚಾರಣೆ ಮೊದಲಿನಿಂದ ನಡೆಯುತ್ತೆ.

ಇನ್ನೊಂದು ಕೆಲಸ ಪ್ರಚಾರದಲ್ಲಿ ಯಾರೂ ಹೇಳಲ್ಲ. ಮೆಡಿಕಲ್ ಎಗ್ಸಾಮಿನರ್ (ಸಾವಿನ ಕಾರಣ ಪತ್ತೆಹಚ್ಚುವ ಸರ್ಕಾರಿ ವೈದ್ಯರು) ಇಲ್ಲದ ಕೌಂಟಿಗಳಲ್ಲಿ ಅಸಹಜ ಸಾವಿನ ಸ್ಥಳಕ್ಕೆ ಹೋಗಿ, ಸಾವಿನ ಕಾರಣ ತೀರ್ಮಾನಿಸಿ, ಪೋಸ್ಟ್‌ಮಾರ್ಟಂ ಬೇಕೋ ಬೇಡವೋ ಹೇಳುವವರು ನಾವೇ. ರಾತ್ರಿ ಎರಡಕ್ಕೂ ಫೋನು ಬರುತ್ತೆ. ಸೈನ್ಯ ನನಗೆ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಅಲ್ಲಿ: ಹೆಣ ನೋಡಿ ಕೈ ನಡುಗಲ್ಲ, ಮನೆಯವರ ಹತ್ತಿರ ಸುಳ್ಳು ಸಮಾಧಾನ ಹೇಳಲ್ಲ.

ಯೋಚನೆ ಇದ್ದರೆ ಮೊದಲು ನಿಮ್ಮ ಪ್ರಿಸಿಂಕ್ಟ್‌ನ (ಕೌಂಟಿಯೊಳಗಿನ ಕ್ಷೇತ್ರದ) ಕೋರ್ಟಿನಲ್ಲಿ ಒಂದು ಬೆಳಿಗ್ಗೆ ಕೂತು ನೋಡಿ, ಯಾರ ಅನುಮತಿಯೂ ಬೇಡ. ಆ ಪ್ರಿಸಿಂಕ್ಟ್‌ನಲ್ಲಿ 6 ತಿಂಗಳ ವಾಸ ಆಗಿದೆಯಾ ಅಂತಲೂ ಲೆಕ್ಕ ಹಾಕಿಕೊಳ್ಳಿ; ಅರ್ಜಿ ಹಾಕುವ ಗಡುವು ಪ್ರೈಮರಿಗೆ ಹಿಂದಿನ ಡಿಸೆಂಬರ್‌ನಲ್ಲೇ ಮುಗಿಯುತ್ತೆ.